ಎಡಗಡೆಯ ನಾಲ್ಕನೇ ಬುಷ್

ಆ ಬಿಳಿ ಎಸ್‌ಯುವಿ ಮೂರನೇ ಸಲ ಗ್ಯಾರೇಜಿನ ಗೇಟು ದಾಟಿತು. ಉಬ್ಬು ಹತ್ತಿಳಿಯುವಾಗ ಹಿಂದುಗಡೆ, ಎಡಭಾಗದಲ್ಲಿ, ಕಿರ್ರ್ ಅಂದಿತು.

ಅವಳು ಸ್ಪ್ಯಾನರ್ ಕೆಳಗಿಟ್ಟಳು. ಆರು ವರ್ಷದಲ್ಲಿ ಅವಳ ಕೈಯಲ್ಲಿ ರಿಪೇರಿಯಾದ ಒಂದು ಗಾಡಿಯೂ ಹೀಗೆ ಮತ್ತೆ ಮತ್ತೆ ವಾಪಸ್ ಬಂದಿರಲಿಲ್ಲ. ಇವತ್ತು ಇದರ ಮೂಲ ಸಿಗದಿದ್ದರೆ ತನ್ನನ್ನು ತಾನೇ ಮೆಕ್ಯಾನಿಕ್ ಎಂದು ಕರೆದುಕೊಳ್ಳುವಂತಿರಲಿಲ್ಲ.

ಗ್ಯಾರೇಜನ್ನು ಮಗಳಿಗೆ ವಹಿಸಿ ಮೂಲೆಯ ಕುರ್ಚಿ ಹಿಡಿದಿದ್ದ ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ನಿನ್ನ ಮೇಷ್ಟ್ರು ಬಂದ್ರು" ಅಂದರು. ನನ್ನ ಮೇಷ್ಟ್ರು ಹೇಗಾದಾರು ಎಂದು ಅವಳು ಗೊಣಗಿದಳು.

ಮೇಷ್ಟ್ರು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವವನು. ಮಡಿಚಿದ ಅಂಗಿತೋಳು, ಜೇಬಿನ ಅಂಚಿನಲ್ಲಿ ಸೀಮೆಸುಣ್ಣದ ಪುಡಿ. ತಿಂಗಳ ಹಿಂದೆ ಹಿಂದಿನ ಸಸ್ಪೆನ್ಷನ್ ಲಟಲಟ ಅನ್ನುತ್ತದೆಂದು ಬಂದಿದ್ದ. ಅವಳು ಎಡಗಡೆಯ ಕೀಲಿಗೆ, ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ತಡೆಯುವ ಹೊಸ ರಬ್ಬರ್ ಬುಷ್ ಹಾಕಿದಳು. ಲಟಲಟ ಹೋಗಿ ಕಿರಕಿರ ಶುರುವಾಯಿತು. ಕಳೆದ ವಾರ ಲಿಫ್ಟಿಗೇರಿಸಿ ಅಲ್ಲಾಡಿಸಿದರೆ ಸದ್ದೇ ಇರಲಿಲ್ಲ.

ಈ ಸಲ ಗಾಡಿಯನ್ನು ಎತ್ತಲಿಲ್ಲ. ನೆಲದಲ್ಲಿ ತೋಡಿದ ಪಿಟ್ಟಿನ ಮೇಲೆ ನಿಲ್ಲಿಸಿ, ಬಂಪರ್ ಒತ್ತುತ್ತಿರಿ ಎಂದು ಅವನಿಗೆ ಹೇಳಿ, ನೀರಿನ ಸ್ಪ್ರೇ ಬಾಟಲಿಯೊಂದಿಗೆ ಕೆಳಗಿಳಿದಳು. ಒಣ ರಬ್ಬರ್ ಉಜ್ಜುತ್ತಿದ್ದರೆ ನೀರು ಬಿದ್ದ ತಕ್ಷಣ ಸುಮ್ಮನಾಗಬೇಕು. ಒಂದೊಂದೇ ಬುಷ್‌ಗೆ ಚಿಮುಕಿಸಿದಳು. ನಾಲ್ಕನೆಯದಕ್ಕೆ ಸದ್ದು ನಿಂತಿತು. ತಾನೇ ಹಾಕಿದ ಬುಷ್.

ಟಾರ್ಚ್ ಹಿಡಿದಳು. ಪಕ್ಕದಲ್ಲೇ ಸೀಮೆಸುಣ್ಣದ ಪುಟ್ಟ ಬಾಣ. ಅದರ ಕೆಳಗೆ ಆರು ದಿನದ ಹಿಂದಿನ ತಾರೀಕು, ನೀಟಾದ ಅಕ್ಷರದಲ್ಲಿ.

"ಮೇಷ್ಟ್ರೇ, ಸ್ವಲ್ಪ ಇಳಿದು ಬನ್ನಿ."

ಅವನು ಇಳಿದ. ಬಾಣ ನೋಡಿದ. ಕಿವಿ ಕೆಂಪಾಯಿತು. ಮನೆಯಲ್ಲೇ ನೀರು ಹಾಕಿ ನೋಡಿದ್ದನ್ನು ಒಪ್ಪಿಕೊಂಡ. ಗುರುತು ಅಳಿಸಲು ಮರೆತದ್ದನ್ನೂ.

"ಗೊತ್ತಿದ್ದೂ ಫೋನ್ ಮಾಡಲಿಲ್ಲ."

"ಫೋನಲ್ಲಿ ಹೇಳಿದ್ರೆ ಫೋನಲ್ಲೇ ಮುಗಿದುಹೋಗ್ತಿತ್ತು. ನಂಗೆ ಇಲ್ಲಿಗೆ ಬರಬೇಕಿತ್ತು."

ಟಾರ್ಚಿನ ಬೆಳಕು ಅವನ ಮುಖದಿಂದ ನೆಲಕ್ಕಿಳಿಯಿತು. ಅವಳು ಬೈಯಲಿಲ್ಲ. ತಪ್ಪು ತನ್ನದೇ ಎಂದು ನೇರವಾಗಿ ಹೇಳಿದಳು. ಲಿಫ್ಟಿನ ಮೇಲೆ ಚಕ್ರ ಗಾಳಿಯಲ್ಲಿ ನೇತಾಡುವಾಗ ಬುಷ್ ಹಿಡಿದಿಡುವ ಈ ಬೋಲ್ಟನ್ನು ಪೂರ್ತಿ ಬಿಗಿ ಮಾಡಬಾರದು. ಗಾಡಿ ನೆಲದಲ್ಲಿ ತನ್ನ ಭಾರ ಹಾಕಿ ನಿಂತ ಮೇಲೆ ಬಿಗಿಯಬೇಕು. ಇಲ್ಲವಾದರೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ. ಅಪ್ಪ ಕಲಿಸಿದ ಮೊದಲ ಪಾಠ ಅದು.

"ಮತ್ತೆ ಅವತ್ತು ಹೇಗೆ ಮರೆತ್ರಿ?"

ಸೆಖೆ ಅನ್ನಬಹುದಿತ್ತು, ಅವಸರ ಅನ್ನಬಹುದಿತ್ತು. ಅವಳು ಅವನ ಕಣ್ಣನ್ನೇ ನೋಡಿದಳು.

"ನೀವು ಪಕ್ಕದಲ್ಲಿ ನಿಂತು, ಲ್ಯಾಬಲ್ಲಿ ಪೆಂಡುಲಮ್ ತಲೆಗೆ ಹೊಡೆಸಿಕೊಂಡ ಕಥೆ ಹೇಳ್ತಿದ್ರಿ. ಕೈ ಬೋಲ್ಟ್ ಮೇಲಿತ್ತು. ನಾನು ಅಲ್ಲಿರಲಿಲ್ಲ."

ಪಿಟ್ಟಿನಲ್ಲಿ ಇಬ್ಬರಿಗೆ ಜಾಗ ಸಾಲದು. ಆದರೂ ಯಾರೂ ಮೇಲೆ ಹತ್ತಲಿಲ್ಲ.

ಹೊಸ ಬುಷ್ ಕೂತಿತು. ನಾಲ್ಕೂ ಚಕ್ರ ನೆಲದ ಮೇಲಿದ್ದಾಗ ಬೋಲ್ಟ್ ಬಿಗಿಯಾಯಿತು. ಅಷ್ಟು ಹೊತ್ತು ಬಾಯಿಗೆ ಬೀಗ ಹಾಕಿರಬೇಕೆಂದು ಅವನಿಗೆ ಅಪ್ಪಣೆಯಾಗಿತ್ತು. ಅವನು ತುಟಿಯ ಮೇಲೆ ಬೆರಳಿಟ್ಟೇ ನಿಂತಿದ್ದ. ಟೆಸ್ಟ್ ಡ್ರೈವ್‌ನಲ್ಲಿ ರಸ್ತೆಯ ಒಂಬತ್ತು ಹಂಪುಗಳನ್ನೂ ದಾಟಿದರು. ಗಾಡಿ ಉಸಿರೆತ್ತಲಿಲ್ಲ.

"ಇದಿನ್ನು ವಾಪಸ್ ಬರಲ್ಲ" ಅಂದಳು.

ಅವನು ಸ್ಟಿಯರಿಂಗನ್ನೇ ನೋಡುತ್ತಿದ್ದ.

"ಗಾಡಿ ಬೇಡ ಮೇಷ್ಟ್ರೇ. ನೀವು ಬನ್ನಿ. ನಾಳೆ ಐದಕ್ಕೆ, ನಡ್ಕೊಂಡು."

ಮರುದಿನ ಐದಕ್ಕೆ ಐದು ನಿಮಿಷ ಇರುವಾಗಲೇ ಗೇಟಿನಲ್ಲಿ ಸದ್ದಾಯಿತು. ಕಿರ್ರ್, ಕಿರ್ರ್. ಅವನ ಕಾಲಲ್ಲಿ ಹೊಸ ಬೂಟು. ಅವಳು ಆಗಲೇ ಕೈ ತೊಳೆದುಕೊಂಡು ಕಾಯುತ್ತಿದ್ದಳು.

ಅಪ್ಪ ಪೇಪರಿನ ಹಾಳೆ ಮಗುಚಿದರು.

"ಇದನ್ನೂ ನೀನೇ ನೋಡ್ಕೋಬೇಕು, ಮಗಳೇ."