ನೂರು ವೋಲ್ಟಿನ ಕೊಲೆ

ಸುಟ್ಟ ರಾಳದ ವಾಸನೆ... ಚಿಕ್ಕಂದಿನಲ್ಲಿ ಅಪ್ಪ ರೇಡಿಯೊ ಬೆಸೆಯಲು ಕೂತರೆ ಮನೆ ತುಂಬ ಅದೇ. ಈಗ ಅದೇ ಹೊಗೆಯ ಆಚೆ ಖಿಯೆಮ್ ನಿಂತಿದ್ದ. ಸೈಗಾನ್ ಬಂದರಿನ ಲಾರಿಗಳೆಲ್ಲ ಅವನು ಹೇಳಿದಂತೆ ಓಡುತ್ತವೆ.

ಅವನ ಮುಷ್ಟಿ ನನ್ನ ಮೇಜಿನ ಮೇಲೆ ಬಿತ್ತು.

"ನಾಲ್ಕು ಗಂಟೆಗೆ ಈ ಆಂಪ್ಲಿಫೈಯರ್ ಹಾಡ್ಬೇಕು, ಹಿಯೆನ್ ಚಿಕ್ಕಮ್ಮ. ಇಲ್ದಿದ್ರೆ... ಈ ಅಂಗಡಿ ಇರಲ್ಲ!"

ಆಗ ಹನ್ನೊಂದು ಗಂಟೆ.

ಬಾಗಿಲ ಬಳಿಯ ಸ್ಟೂಲಿನಲ್ಲಿ ಅವನ ಅಪ್ಪ ಲಾಮ್, ಕೊರಳಿಗೆ ಮಫ್ಲರ್. ನಾಳೆ ಬೆಳಿಗ್ಗೆ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಇವತ್ತು ನೆಂಟರ ಮುಂದೆ ಕೊನೆಯ ಹಾಡು.

ಮುಚ್ಚಳ ಬಿಚ್ಚಿದೆ. ಮೊದಲು ಕೆಪಾಸಿಟರ್‌ಗಳ ಚಾರ್ಜ್ ಇಳಿಸಿದೆ. ವೈರು ಕಿತ್ತ ಮೇಲೂ ಕಚ್ಚುತ್ತವೆ ಅವು!

ನೂರು ವ್ಯಾಟಿನ ಬಲ್ಬಿನ ಮೂಲಕ ಕರೆಂಟು ಕೊಟ್ಟೆ. ಬಲ್ಬು ಧಗ್ಗನೆ ಉರಿಯಿತು. ಉರಿಯುತ್ತಲೇ ಇತ್ತು; ಸೆಟ್ಟು ಸರಿಯಿದ್ದರೆ ಆರಬೇಕಿತ್ತು.

ಒಳಗೆ ಶಾರ್ಟ್. ಔಟ್‌ಪುಟ್ ಟ್ರಾನ್ಸಿಸ್ಟರ್ ನಾಲ್ಕೂ ಸತ್ತಿದ್ದವು.

"ಇದು ಜಪಾನಿನ ಹಳೇ ಮಾಲು. ನೂರು ವೋಲ್ಟ್ ಸಾಕು. ಯಾರೋ ಇನ್ನೂರಿಪ್ಪತ್ತು ಕೊಟ್ಟಿದಾರೆ."

"ಪಕ್ಕದ್ಮನೆ ಕುಳ್ಳ! ಗಲಾಟೆ ಅಂತ ದಿನಾ ಗೊಣಗ್ತಾನೆ. ಕೈ ಮುರೀತೀನಿ ಅವನ್ದು!"

ವೋಲ್ಟೇಜ್ ಇಳಿಸುವ ಪೆಟ್ಟಿಗೆಯನ್ನೂ ಅವನು ತಂದಿದ್ದ. ಅದರಲ್ಲಿ ಎರಡು ಸಾಕೆಟ್. ಒಂದು ನೂರು, ಇನ್ನೊಂದು ಇನ್ನೂರಿಪ್ಪತ್ತು. ಎರಡಕ್ಕೂ ಒಂದೇ ಪ್ಲಗ್ ಹೋಗುತ್ತದೆ. ನಮ್ಮೂರಿನ ಜಪಾನಿ ಸೆಟ್ಟುಗಳಲ್ಲಿ ಅರ್ಧ ಸಾಯುವುದು ಅಲ್ಲೇ!

ಇನ್ನೂರಿಪ್ಪತ್ತರ ಪಕ್ಕದಲ್ಲಿ ಜಿಡ್ಡಿನ ಬೆರಳಚ್ಚು. ಮೂಸಿದೆ. ನೆಗಡಿಗೆ ಹಚ್ಚುವ ಹಸಿರೆಣ್ಣೆ.

ಮುದುಕ ಗಂಟಲಿಗೆ ಅದನ್ನೇ ತಿಕ್ಕಿಕೊಳ್ಳುತ್ತಿದ್ದ. ನನ್ನನ್ನು ನೋಡಿದವನು ಕಣ್ಣು ತಗ್ಗಿಸಿದ. ಯಾರೂ ಏಳುವ ಮೊದಲು ಗುಟ್ಟಾಗಿ ಅಭ್ಯಾಸಕ್ಕೆ ಕೂತಿರಬೇಕು...

ಮಗ ಅಪ್ಪನ ಕೈ ಮುರಿಯಲಾರ. ಆದರೆ ಇವತ್ತೊಂದು ದಿನ ಆ ಮುದುಕನಿಗೆ ಅವಮಾನ ಏಕೆ?

ಬಟ್ಟೆಯಿಂದ ಬೆರಳಚ್ಚು ಒರೆಸಿದೆ.

"ನನ್ನ ಬೈಕ್ ತೆಗಿ ಖಿಯೆಮ್! ಮಾರ್ಕೆಟ್ಟಿಗೆ!"

ಎದುರಿನಿಂದ ಬರುವವರ ನಡುವೆ ನುಗ್ಗಿಸಿದ. ಫುಟ್‌ಪಾತು, ಮೀನಿನ ಬುಟ್ಟಿ... ಹಿಂದಿನಿಂದ ಬೈಗುಳ!

ಬಿಡಿಭಾಗದ ಅಂಗಡಿಯವನು ಹಲ್ಲು ಕಿರಿದ. "ಒರಿಜಿನಲ್ ಅಕ್ಕ, ನಿಮ್ಮಾಣೆ!"

ಥಿನ್ನರಿನಲ್ಲಿ ಅದ್ದಿದ ಹತ್ತಿಯಿಂದ ಟ್ರಾನ್ಸಿಸ್ಟರ್ ಉಜ್ಜಿದೆ. ಕಂಪನಿಯ ಹೆಸರು ಹತ್ತಿಗೆ ಅಂಟಿ ಬಂತು. ನಕಲಿ.

"ಹೀಗೆ ಸುಳ್ಳು ಆಣೆ ಇಟ್ಟು ಎಷ್ಟು ಜನರನ್ನ ಸಾಯಿಸಿದೀಯಪ್ಪ?"

ಖಿಯೆಮ್ ಒಂದು ಹೆಜ್ಜೆ ಮುಂದಿಟ್ಟ, ಅಷ್ಟೇ. ಕೆಳಗಿನ ಡ್ರಾಯರಿನಿಂದ ಅಸಲಿ ಮಾಲು ಹೊರಬಂತು!

ಹೊಸ ಟ್ರಾನ್ಸಿಸ್ಟರ್ ನಾಲ್ಕನ್ನೂ ಬೆಸೆದು ಮುಗಿಸಿದಾಗ ಗಂಟೆ ಮೂರು ಐವತ್ತು. ನನ್ನ ಬೆನ್ನು ಒದ್ದೆ. ಸ್ವಿಚ್ ಒತ್ತಿದೆ.

ಬಲ್ಬು ಫಳ್ಳೆಂದಿತು... ಮಂಕಾಯಿತು... ಆರಿತು.

ಬದುಕಿತು!

ಇನ್ನೂರಿಪ್ಪತ್ತರ ಸಾಕೆಟಿಗೆ ದಪ್ಪ ಟೇಪು ಮೆತ್ತಿದೆ.

"ಯಾರ ಕೆಲ್ಸ ಇದು? ಹೆಸರು ಹೇಳಿ, ಚಿಕ್ಕಮ್ಮ."

"ಯಾರ್ದೂ ಅಲ್ಲ. ಪೆಟ್ಟಿಗೆ ಒಳಗೇ ಸರಿಯಿಲ್ಲ. ಮುರಿಯೋಕೆ ಅದಕ್ಕೆ ಕೈ ಇಲ್ಲ, ನಡಿ!"

ಅವನು ಆಂಪ್ಲಿಫೈಯರ್ ಅಪ್ಪಿಕೊಂಡು ಹೊರಗೆ ನಿಲ್ಲಿಸಿದ್ದ ತನ್ನ ಲಾರಿಯತ್ತ ಓಡಿದ.

ಲಾಮ್ ಹಿಂದೆ ಉಳಿದ. ಎದುರಿನ ಊಟದ ಗಾಡಿಗೆ ಹೋಗಿ ಬಂದು, ನುಚ್ಚಕ್ಕಿ ಅನ್ನ, ಸುಟ್ಟ ಹಂದಿಮಾಂಸದ ಪೊಟ್ಟಣವನ್ನು ನನ್ನ ಕೈಗಿಟ್ಟ. ಬಿಸಿಯಿತ್ತು.

ಒಂದು ಮಾತಿಲ್ಲ. ಉಳಿದಿದ್ದೇ ಒಂದು ಸಂಜೆಯ ದನಿ. ಅದನ್ನು ನನಗೆ ಥ್ಯಾಂಕ್ಸ್ ಹೇಳಿ ದಂಡ ಮಾಡುವಷ್ಟು ದಡ್ಡನಲ್ಲ ಅವನು.