ಶಂಶುದ್ದೀನ್ ಸಾಬರು ತೆಗೆದ ಅಳತೆ

ಇದನ್ನು ಯಾರಿಗೂ ಹೇಳಿರಲಿಲ್ಲ. ಭಯಕ್ಕಲ್ಲ, ನಾಚಿಕೆಗೆ. ಗೋಣಿಬೀಡಿನ ಹತ್ತಿರದ ಎಸ್ಟೇಟಿನಲ್ಲಿ ನಾನು ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದಾಗ, ಕಾಫಿ ಮೂಟೆ ಹೊರುವ ದ್ಯಾವಯ್ಯ ಬೆನ್ನುನೋವೆಂದು ಆಸ್ಪತ್ರೆಗೆ ಚೀಟಿ ಕೇಳಿದ್ದ. "ನಾಟಕ ಸಾಕು ಮಾರಾಯ, ಹೊರು" ಎಂದಿದ್ದೆ. ಬಗ್ಗಿದ ಅವನ ಬೆನ್ನು ಸಾಯುವವರೆಗೂ ನೆಟ್ಟಗಾಗಲಿಲ್ಲ.

ಎಂಬತ್ತಾರನೇ ಇಸವಿಯಲ್ಲಿ ನನಗೂ ಅದೇ ನೋವು ಬಂತು. ಮದ್ರಾಸಿನಲ್ಲಿ ಒಂದೇ ಅಂಗುಲ ಕೊಯ್ದು, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಆಪರೇಷನ್ ಮಾಡಿದರು. ಮರುದಿನವೇ ಎದ್ದು ನಡೆದೆ. ವಾರದೊಳಗೆ ಊರಿಗೆ ಬಂದೆ.

ಹೊಸ ಅಂಗಿ ಹೊಲಿಸಲು ಟೈಲರ್ ಶಂಶುದ್ದೀನ್ ಸಾಬರ ಅಂಗಡಿಯಲ್ಲಿ ನೆಟ್ಟಗೆ ನಿಂತೆ. ಪಕ್ಕದ ಕನ್ನಡಿಯಲ್ಲಿ ನೋಡಿದರೆ ಅವರ ಟೇಪು ನನ್ನ ಬೆನ್ನಿಗೆ ತಾಗುತ್ತಲೇ ಇರಲಿಲ್ಲ. ಗೇಣು ದೂರದಲ್ಲಿ, ಗಾಳಿಯಲ್ಲೇ, ಗೂನಿನ ಮೇಲೆ ಹತ್ತಿ ಇಳಿದಂತೆ ಸಾಗಿತು.

"ಹಿಂದೆ ನಾಲ್ಕಿಂಚು ಉದ್ದ ಬಿಡ್ತೀನಿ ರೈಟ್ರೇ. ಬಗ್ಗಿದೋರಿಗೆ ಹಾಗೇ ಹೊಲಿಯೋದು. ದ್ಯಾವಯ್ಯಂಗೂ ಹಾಗೇ ಹೊಲಿದಿದ್ದೆ."

ನಾನು ಇನ್ನಷ್ಟು ನೆಟ್ಟಗೆ ನಿಂತೆ.

ನಾಲ್ಕು ದಿನ ಬಿಟ್ಟು ಹೋದೆ. ಅಂಗಿಯನ್ನು ಮೇಜಿನ ಮೇಲೆ ಹರಡಿದಾಗ ಹಿಂಭಾಗ ನಾಲ್ಕಿಂಚು ಉದ್ದವಿತ್ತು. ಅಲ್ಲೇ ತೊಟ್ಟು ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಂತೆ. ನಾನು ನೆಟ್ಟಗೇ ಇದ್ದೆ. ಹಿಂದೆ ನಾಲ್ಕಿಂಚು ಇಳಿಬೀಳಬೇಕಿದ್ದ ಅಂಗಿಯ ಅಂಚು ಮಾತ್ರ ಹಿಂದೆಯೂ ಮುಂದೆಯೂ ಒಂದೇ ಸಮನಾಗಿತ್ತು.