ಜರಡಿ ಹಿಡಿದ ತೌಡು

ತೌಡಿನ ಚೀಲ ಮೂರನೆಯ ಸಲವೂ ಅರ್ಧ ಖಾಲಿ! ಪೋತ್ನಾಳದ ಅಕ್ಕಿ ಗಿರಣಿಯ ಹಿಂದಿನ ಪಡಸಾಲೆಯಲ್ಲಿ, ಹಂದಿಗಳಿಗೆಂದು ತಾನು ಕೊಂಡಿಟ್ಟಿದ್ದ ಚೀಲದ ಮುಂದೆ ಬಂಡೆಮ್ಮ ಎದೆ ಬಡಿದುಕೊಂಡಳು.

"ನನ್ನ ಹಂದಿ ಉಪಾಸ ಬಿದ್ದಾವ್ರೀ ಅಮೀನ್ ಸಾಬ್ರ! ತಾಯಿಗೆ ಹಾಲಿಲ್ಲ, ಮರಿ ಒಂದೊಂದ ಸಾಯಾಕತ್ತಾವ."

ತೌಡಿನ ಕಳವಿಗೂ ಮಾನ್ವಿಯಿಂದ ಪೊಲೀಸ್ ಅಮೀನ ಗುರುರಾಜನೇ ಬರಬೇಕೇ? ಯುದ್ಧದ ಕಾಲ. ಲೆವಿ ಎಂದು ಸರಕಾರ ಕಣದಿಂದಲೇ ಭತ್ತ ಎತ್ತುತ್ತಿತ್ತು. ತೌಡಿಗೂ ಮರ್ಯಾದೆ ಬಂದಿತ್ತು.

ಗಿರಣಿ ಸಾಹುಕಾರ ಕಾವಲುಗಾರ ಪೀರಾ ಸಾಬನತ್ತ ಬೆರಳು ತೋರಿಸಿದ. "ಇವನ್ನ ಒಳಗ ಹಾಕ್ರಿ!"

"ಮಧ್ಯಾಹ್ನ ನಮಾಜಿಗೆ ಹೋಗ್ತೀನ್ರೀ — ಅಷ್ಟ. ನಾ ಯಾಕ ಕದೀಲಿ ಯಪ್ಪಾ? ನನ್ನ ಮನ್ಯಾಗ ಹಂದಿ ಅದಾವೇನು?"

"ಟಾಂಗಾದ ಅಮೀರ್ ಸಾಬ ತನ್ನ ಕುದುರಿಗೆ ಒಯ್ದಾನೇನು?" ಗುರುರಾಜ ಕೇಳಿದ.

"ಅಂವ ರಾಯಚೂರಿಗೆ ಹೋಗಿ ತಿಂಗಳಾತ್ರೀ."

ಚೀಲದ ಪಕ್ಕ ಹೊಟ್ಟಿನ ಸಣ್ಣ ಗುಡ್ಡೆಯಿತ್ತು. ಗುರುರಾಜ ಬಗ್ಗಿ ಮುಟ್ಟಿದ. "ಇದೇನು?"

"ಕಸರೀ. ದಿನಾ ಬಿದ್ದಿರ್ತದ," ಅಂದ ಪೀರಾ ಸಾಬ.

ಗುರುರಾಜ ಗೋಡೆಯಾಚೆಯ ಮನೆಯನ್ನು ನೋಡಿದ. ತನಗೆ ಅಕ್ಷರ ಕಲಿಸಿದ ಗೋಪಾಲಕೃಷ್ಣ ಮಾಸ್ತರರ ಮನೆ. ಅವರು ತೀರಿ ವರ್ಷವಾಗಿತ್ತು. ಈಗ ಅಲ್ಲಿ ಅವರ ಹೆಂಡತಿ ತುಳಸಿಬಾಯಿ, ಇಬ್ಬರು ತಬ್ಬಲಿ ಮೊಮ್ಮಕ್ಕಳು. ಅಡಕತ್ತರಿಯಲ್ಲಿ ಸಿಕ್ಕಂತಾಯಿತು. ಹೋಗಲು ಕಾಲೇಳದು, ಹೋಗದಿದ್ದರೆ ಪೀರಾ ಸಾಬ ಜೈಲಿಗೆ.

ಹೋದ. ಮಕ್ಕಳು ಕಂದು ಬಣ್ಣದ ರೊಟ್ಟಿ ಮುರಿಯುತ್ತಿದ್ದರು.

"ಅವ್ವಾರ, ಕಳ್ಳರು ಚೀಲ ಹೊತ್ತೊಯ್ದಿಲ್ಲ. ಅಲ್ಲೇ ಕುಂತು ಜರಡಿ ಹಿಡಿದು, ಹೊಟ್ಟು ಬಿಟ್ಟು ನುಣ್ಣನ ತೌಡು ಅಷ್ಟ ಒಯ್ದಾರ. ಕುದುರಿಗೆ, ಹಂದಿಗೆ ಯಾರರ ಜರಡಿ ಹಿಡೀತಾರೇನ್ರೀ? ಅದು ಮನುಷ್ಯಾರು ತಿನ್ನಾಕ."

ತುಳಸಿಬಾಯಿ ಸೆರಗಿನಲ್ಲಿ ಮುಖ ಮುಚ್ಚಿದರು. "ನಾನ ಕಳ್ಳಿ, ಗುರುರಾಜ. ಬೇಡಾಕ ಬಾಯಿ ಬರಲಿಲ್ಲಪಾ."

ಅವನು ಅವರ ಕಾಲಿಗೆ ಬಿದ್ದು ಅತ್ತ. ಆಮೇಲೆ ಪಡಸಾಲೆಗೆ ಬಂದು ಗುರುಪತ್ನಿಯ ಹೆಸರನ್ನು ತನ್ನ ಬಾಯಿಂದಲೇ ಹೇಳಿದ. ಸಾಹುಕಾರ ಹುಬ್ಬೇರಿಸುವಷ್ಟರಲ್ಲಿ ಬಂಡೆಮ್ಮ ಎದ್ದಳು.

"ಫಿರ್ಯಾದಿ ನಂದು. ನಂಗ ಬ್ಯಾಡ."

ತನ್ನ ಮನೆಯದು ಬೇಡವೆಂದು ಪೀರಾ ಸಾಬನ ಮನೆಯಿಂದ ಜರಡಿ ತರಿಸಿ, ಉಳಿದ ಅರ್ಧ ಚೀಲವನ್ನೂ ಜರಡಿ ಹಿಡಿದಳು. ನುಣ್ಣನೆಯ ತೌಡನ್ನು ತುಳಸಿಬಾಯಿಯ ಹಿತ್ತಲ ಬಾಗಿಲ ಹೊರಗಿಟ್ಟು ದೂರ ಸರಿದು ನಿಂತಳು.

"ನೀರು ತಾಕ್ಸಿಲ್ಲ ತಾಯಿ. ಒಣಾದು ಅದ, ಮೈಲಿಗಿ ಇಲ್ಲ. ನಿಮಗ ನಡೀತದ."

ಮಿಕ್ಕ ಹೊಟ್ಟನ್ನು ಉಡಿಯಲ್ಲಿ ಕಟ್ಟಿಕೊಂಡು ಬಂಡೆಮ್ಮ ತನ್ನ ಹಂದಿಗಳ ಕಡೆ ನಡೆದಳು.